ಏರ್ ಪಂಪಿನ ಗಾಳಿ ಒಂದೇ ಕಡೆ ಹೋಗುತ್ತಿದೆ, ಶಬ್ದವೂ ಜೋರು: ಗೊತ್ತಿದ್ದವರು ತಿಳಿಸಿ

ಪ್ರಶ್ನೆ, ಬದಿಯಡ್ಕದಿಂದ: ಎರಡಡಿ ತೊಟ್ಟಿ, ಸುಮಾರು 60 ಲೀಟರ್ ನೀರು, ನಾಲ್ಕು ಗೋಲ್ಡ್ ಫಿಶ್. ಒಂದೇ ಔಟ್‌ಲೆಟ್‌ನ ಪಂಪಿಗೆ ಟಿ ಜಾಯಿಂಟ್ ಹಾಕಿ ಏರ್ ಸ್ಟೋನಿಗೂ (ಗುಳ್ಳೆ ಬಿಡುವ ಕಲ್ಲು) ಸ್ಪಂಜ್ ಫಿಲ್ಟರಿಗೂ (ಗಾಳಿಯ ಬಲದಿಂದ ನೀರನ್ನು ಸ್ಪಂಜಿನ ಮೂಲಕ ಎಳೆದು ಸೋಸುವಂಥದ್ದು) ಗಾಳಿ ಕೊಟ್ಟಿದೆ. ಫಿಲ್ಟರಿನಲ್ಲಿ ಗುಳ್ಳೆ ಧಾರಾಳ, ಕಲ್ಲಿನಲ್ಲಿ ಇಲ್ಲವೇ ಇಲ್ಲ. ಪಂಪು ಇತ್ತೀಚೆಗೆ ಗೊರಗೊರ ಎನ್ನುತ್ತಿದೆ. ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತವೆ. ಮಳೆಗಾಲದಲ್ಲಿ ಕರೆಂಟು ಹೋದರೆ ಏನು ಮಾಡುವುದು?

ಮುಳ್ಳೇರಿಯದಿಂದ: ಗಾಳಿ ಸಲೀಸಾದ ದಾರಿಯನ್ನೇ ಹಿಡಿಯುತ್ತದೆ. ಸ್ಪಂಜ್ ಫಿಲ್ಟರಿನೊಳಗೆ ಪೈಪಿನ ಬಾಯಿ ತೆರೆದಿರುತ್ತದೆ; ಕಲ್ಲಿನಲ್ಲಾದರೆ ಕಣ್ಣಿಗೆ ಕಾಣದ ರಂಧ್ರಗಳನ್ನು ದಾಟಬೇಕು. ಹಾಗಾಗಿ ಬರೀ ಟಿ ಜಾಯಿಂಟ್ ಸಾಲದು. ಅದನ್ನು ತೆಗೆದು ಗಾಳಿಯನ್ನು ಹಲವು ಪೈಪಿಗೆ ಹಂಚುವ ಮೂರು ತಿರುಪಿನ ಗ್ಯಾಂಗ್ ವಾಲ್ವ್ ಹಾಕಿ. ಮೊದಲು ಫಿಲ್ಟರಿನ ಮತ್ತು ಕಲ್ಲಿನ ತಿರುಪು ಪೂರ್ತಿ ತೆರೆದಿಡಿ, ಮೂರನೆಯದು ಮುಚ್ಚಿರಲಿ. ಆಮೇಲೆ ಫಿಲ್ಟರಿನ ತಿರುಪನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಮುಚ್ಚುತ್ತ ಬನ್ನಿ. ಒಂದು ಹಂತದಲ್ಲಿ ಕಲ್ಲಿನಿಂದ ಗುಳ್ಳೆ ಏಳುತ್ತದೆ. ಅಲ್ಲಿಗೆ ನಿಲ್ಲಿಸಿ. ಎರಡೂ ಕಡೆ ಗಾಳಿ ಹೆಚ್ಚಾಯಿತು ಅನಿಸಿದರೆ ಮೂರನೆಯ ತಿರುಪನ್ನು ಸ್ವಲ್ಪ ತೆರೆದು ಹೆಚ್ಚುವರಿ ಗಾಳಿಯನ್ನು ಹೊರಗೆ ಬಿಡಿ. ಎಲ್ಲ ತಿರುಪು ಬಿಗಿ ಮಾಡಿ ಗಾಳಿ ಕಡಿಮೆ ಮಾಡುವುದು ಬಹಳ ಜನ ಮಾಡುವ ಕೆಲಸ, ಆದರೆ ಆ ಒತ್ತಡವೆಲ್ಲ ಪಂಪಿನೊಳಗೆ ಗಾಳಿ ತಳ್ಳುವ ರಬ್ಬರ್ ಪೊರೆಯ, ಅಂದರೆ ಡಯಾಫ್ರಾಮಿನ ಮೇಲೆ ಬಿದ್ದು ಅದು ಬೇಗ ಹರಿಯುತ್ತದೆ. ಕಲ್ಲು ಕಟ್ಟಿಕೊಂಡರೂ ಇದೇ ಕಥೆ. ಕಲ್ಲು ಹಳೆಯದಾದರೆ ತಿಕ್ಕುತ್ತ ಕೂರದೆ ಹೊಸದು ಹಾಕಿ, ಅದಕ್ಕೇನೂ ದೊಡ್ಡ ಖರ್ಚಿಲ್ಲ.

ಉಪ್ಪಳದಿಂದ: ಶಬ್ದದ ಮೂಲ ಹುಡುಕಲು ಪಂಪಿನಿಂದ ಪೈಪು ಕಳಚಿ ಬಾಯಿಗೆ ಬೆರಳು ಹಿಡಿದು ನೋಡಿ. ಗಾಳಿ ಜೋರಾಗಿ ಬಂದು ಶಬ್ದವೂ ಇಳಿದರೆ ತಡೆ ಇರುವುದು ಪೈಪು, ವಾಲ್ವ್ ಅಥವಾ ಕಲ್ಲಿನಲ್ಲಿ. ಪೈಪಿಲ್ಲದೆಯೂ ಗಾಳಿ ಕ್ಷೀಣವಾಗಿದ್ದರೆ ಪ್ಲಗ್ ಕಿತ್ತು ಪಂಪನ್ನು ಮಗುಚಿ ಹಾಕಿ. ಹಲವು ಪಂಪುಗಳಲ್ಲಿ ಗಾಳಿ ಎಳೆಯುವ ತೂತು ಅಡಿಯಲ್ಲೇ ಇರುತ್ತದೆ, ಅದರ ಫೆಲ್ಟ್ ತುಂಡಿನಲ್ಲಿ ಧೂಳು ತುಂಬಿರಬಹುದು. ತೊಳೆದು ಪೂರ್ತಿ ಒಣಗಿಸಿ ಹಾಕಿ. ಅದೂ ಸರಿಯಿದ್ದರೆ ಡಯಾಫ್ರಾಮ್ ಬಿರುಕು ಬಿಟ್ಟಿರಬೇಕು, ಹಲವು ಮಾದರಿಗಳಿಗೆ ಅದೊಂದನ್ನೇ ಬದಲಿಸಬಹುದು. ಶಬ್ದ ಅಡಗಲಿ ಎಂದು ಮೆತ್ತನೆಯ ಬಟ್ಟೆಯ ಮೇಲೆ ಇಡಬೇಡಿ, ಅಡಿಯ ತೂತು ಮುಚ್ಚಿಹೋಗುತ್ತದೆ. ನಾಲ್ಕು ಮೂಲೆಗೆ ರಬ್ಬರ್ ತುಂಡು ಕೊಟ್ಟರೆ ಸಾಕು. ಪಂಪು ಗೋಡೆಗಾಗಲಿ ಗಾಜಿಗಾಗಲಿ ತಾಗದಿರಲಿ.

ಪೆರ್ಲದಿಂದ: ಕರೆಂಟು ಹೋಗುವ ಊರಿನಲ್ಲಿ ಚೆಕ್ ವಾಲ್ವ್ (ಒಂದೇ ದಿಕ್ಕಿಗೆ ಬಿಟ್ಟು ಹಿಂದಕ್ಕೆ ಬರಗೊಡದ ವಾಲ್ವ್, ಪೈಪಿನ ನಡುವೆ ಹಾಕುವಂಥದ್ದು) ಇಲ್ಲದೆ ಪಂಪು ನಡೆಸಲೇಬೇಡಿ. ಪಂಪು ನಿಂತಾಗ ನೀರು ಪೈಪಿನಲ್ಲಿ ಹಿಂದಕ್ಕೆ ಹತ್ತುತ್ತದೆ. ಒಮ್ಮೆ ತೊಟ್ಟಿಯ ಅಂಚು ದಾಟಿದರೆ ಸೈಫನ್ ಆಗಿ, ಅಂದರೆ ತಾನಾಗಿಯೇ ಎಳೆದುಕೊಂಡು, ಪಂಪಿಗೆ ಸುರಿಯುತ್ತದೆ. ತೊಟ್ಟಿ ಅಂಚಿನವರೆಗೆ ತುಂಬಿದ್ದರೆ ಅಪಾಯ ಇನ್ನೂ ಹೆಚ್ಚು. ವಾಲ್ವಿನ ಮೇಲಿನ ಬಾಣ ತೊಟ್ಟಿಯ ಕಡೆಗಿರಬೇಕು. ಬಾಣ ಅಳಿಸಿದ್ದರೆ ಬಾಯಿಂದ ಊದಿ ನೋಡಿ: ಗಾಳಿ ಒಳಗೆ ಹೋಗುವ ತುದಿಯೇ ಪಂಪಿನ ಕಡೆಯದು. ಎರಡೂ ಕಡೆಯಿಂದ ಊದಲು ಬಂದರೆ ಅದು ಕೆಟ್ಟಿದೆ, ಬಿಸಾಡಿ. ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಇಡುವುದೇ ಎಲ್ಲಕ್ಕಿಂತ ಭದ್ರ. ವಯರು ಸಾಕೆಟ್ಟಿಗಿಂತ ಕೆಳಗೆ ಇಳಿದು ಮತ್ತೆ ಮೇಲೇರಲಿ. ನೀರು ಹರಿದು ಬಂದರೂ ಆ ಬಾಗಿನಲ್ಲೇ ತೊಟ್ಟಿಕ್ಕಿ ಬೀಳುತ್ತದೆ.

ಕರೆಂಟು ಹೋದಾಗ 5 ವೋಲ್ಟಿನ ಯುಎಸ್‌ಬಿ ಪಂಪನ್ನು ಪವರ್ ಬ್ಯಾಂಕಿಗೆ ಸಿಕ್ಕಿಸಿ ಫಿಲ್ಟರಿಗೆ ಜೋಡಿಸಿ. ಅದಿಲ್ಲದಿದ್ದರೆ ಚೊಂಬಿನಲ್ಲಿ ತೊಟ್ಟಿಯದೇ ನೀರು ತೆಗೆದು ಒಂದಡಿ ಮೇಲಿನಿಂದ ಆಗಾಗ ಹೊಯ್ಯಿರಿ. ಕರೆಂಟು ಬರುವ ತನಕ ತಿಂಡಿ ಹಾಕಬೇಡಿ. ಹಲವು ಗಂಟೆ ಗಾಳಿ ನಿಂತಿದ್ದರೆ ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲಿ ಹಿಂಡಿ, ಆಮೇಲೆ ಚಾಲೂ ಮಾಡಿ.

ನೀರ್ಚಾಲಿನಿಂದ: ಆಮ್ಲಜನಕ ಹೆಚ್ಚಾಗಿ ಸೇರುವುದು ನೀರಿನ ಮೇಲ್ಮೈ ಕದಡಿದಾಗ, ಗುಳ್ಳೆ ಆ ಕೆಲಸ ಮಾಡಿಸುತ್ತದೆ ಅಷ್ಟೆ. ಮೇಲ್ಮೈಯಲ್ಲಿ ಎಣ್ಣೆಯಂಥ ಪದರ ನಿಂತಿದ್ದರೆ ಗಾಳಿ ಸಾಲದು ಎಂದೇ ಅರ್ಥ. 25 ಡಿಗ್ರಿಯ ನೀರು ಲೀಟರಿಗೆ ಸುಮಾರು 8.2 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟರೆ 30 ಡಿಗ್ರಿಯದ್ದು ಸುಮಾರು 7.5 ಮಾತ್ರ. ನಮ್ಮ ಏಪ್ರಿಲ್, ಮೇ ಸೆಖೆಯಲ್ಲಿ ಪಂಪು ರಾತ್ರಿ ಆರಿಸಬಾರದು. ತೊಟ್ಟಿಯಲ್ಲಿ ಗಿಡಗಳಿದ್ದರಂತೂ ರಾತ್ರಿ ಅವೂ ಆಮ್ಲಜನಕ ಎಳೆಯುತ್ತವೆ, ಅದಕ್ಕೇ ಬೆಳಗಿನ ಜಾವ ಅತ್ಯಂತ ಕಷ್ಟದ ಹೊತ್ತು.

ನೀರು ಬದಲಿಸುವಾಗ ಸುರಂಗದ (ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದದ್ದು) ಅಥವಾ ಬಾವಿಯ ನೀರನ್ನು ನೇರ ಹೊಯ್ಯಬೇಡಿ. ನೆಲದೊಳಗಿನ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚು, ಆಮ್ಲಜನಕ ಕಡಿಮೆ ಇರುವುದುಂಟು. ಬಕೆಟ್ಟಿನಲ್ಲಿ ಒಂದು ಏರ್ ಸ್ಟೋನ್ ಇಟ್ಟು ಒಂದು ದಿನ ಗಾಳಿ ಬಿಟ್ಟು ಆಮೇಲೆ ಬಳಸಿ. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ದರೆ ಕ್ಲೋರಿನ್ ವಾಸನೆ ಹೋದ ಮೇಲೂ ನಂಬಬೇಡಿ, ಆಂಟಿ ಕ್ಲೋರಿನ್ ಹನಿ ಹಾಕಿಯೇ ಬಳಸಿ.

ಕುಂಬಳೆಯಿಂದ: ಮೇಲೆ ಹೇಳಿದ್ದೆಲ್ಲ ಸರಿ. ಆದರೆ 60 ಲೀಟರಿಗೆ ನಾಲ್ಕು ಗೋಲ್ಡ್ ಫಿಶ್ ಹೆಚ್ಚಾಯಿತು. ಅವು ತುಂಬಾ ಹೊಲಸು ಮಾಡುವ ಮೀನು. ಆ ಹೊಲಸಿನಿಂದ ಬರುವ ಅಮೋನಿಯ ಕಿವಿರು ಸುಟ್ಟಾಗಲೂ ಮೀನು ಹೀಗೆಯೇ ಮೇಲೆ ಬಂದು ಬಾಯಿ ತೆರೆಯುತ್ತದೆ, ಆಗ ಎಷ್ಟು ಗಾಳಿ ಕೊಟ್ಟರೂ ಅದು ವಾಸಿಯಾಗದು. ಅಮೋನಿಯ ಟೆಸ್ಟ್ ಕಿಟ್‌ನಲ್ಲಿ ಸೊನ್ನೆಗಿಂತ ಹೆಚ್ಚು ತೋರಿಸಿದರೆ ಕಾಲು ಭಾಗ ನೀರು ಅಂದೇ ಬದಲಿಸಿ, ಎರಡು ಮೀನುಗಳಿಗೆ ಬೇರೆ ತೊಟ್ಟಿ ನೋಡಿ.