ಬೆಲ್ಲಕ್ಕೆ ಹೈಡ್ರೋಸ್ ಹಾಕಲ್ಲ ಅನ್ನೋದು ಹಟವಾ, ಲೆಕ್ಕವಾ?

ಗಾಣದಮನೆ (ಪಾಂಡವಪುರ ಕಡೆ):
ಮನೆಯದೇ ಆಲೆಮನೆ, ದಿನಕ್ಕೆ ಹೆಚ್ಚುಕಮ್ಮಿ 5 ಟನ್ ಕಬ್ಬು ಅರೆಯುತ್ತೆ. ತಿನ್ನೋ ಪದಾರ್ಥಕ್ಕೆ ಹೈಡ್ರೋಸ್ ಪುಡಿ ಹಾಕಿ ಬಿಳುಪು ಮಾಡಕೂಡದು ಅಂತ ಅಪ್ಪ. ಅದನ್ನ ಹಾಕಿದಾಗ ಬರೋ ಹಳದಿ ಬೆಲ್ಲಕ್ಕೆ ಮಂಡಿಯಲ್ಲಿ ಕೆಜಿಗೆ ಮೂರು ರೂಪಾಯಿ ಜಾಸ್ತಿ ಸಿಗುತ್ತೆ, ಸೊಸೈಟಿ ಸಾಲ ತೀರಬೇಡವಾ ಅಂತ ತಮ್ಮ. ಲಾಭ ಒಂದು ಕಡೆ, ನಷ್ಟ ಒಂದು ಕಡೆ ಬರೆದು ನೋಡಿದ್ದಾಯ್ತು. ಅಪ್ಪನ ಮಾತು ಎರಡೂ ಕಡೆ ಕೂರಲ್ಲ. ಇಂಥದ್ದನ್ನ ತೀರ್ಮಾನ ಮಾಡೋ ಕ್ರಮ ಏನಾದ್ರೂ ಇದೆಯಾ? ಉಪದೇಶ ಬೇಡ, ವಿಧಾನ ಹೇಳಿ.

ತಕ್ಕಡಿ_ಮೈಸೂರು:
ಕೂರದೇ ಇರೋದಕ್ಕೆ ಕಾರಣ ಇದೆ. ಕೆಲವು ಮೌಲ್ಯ ತೂಕದ ಥರ: ಇನ್ನೊಂದು ಕಡೆ ಸಾಕಷ್ಟು ಹಾಕಿದರೆ ತಕ್ಕಡಿ ವಾಲುತ್ತೆ. ಕೆಲವು ಗೆರೆ, ಅದರಾಚೆ ಚೌಕಾಸಿಯೇ ಇಲ್ಲ. ಅಪ್ಪನದು ಯಾವುದು ಅಂತ ಊಹಿಸಬೇಡಿ, ಕೇಳಿ. ಮೂರು ರೂಪಾಯಿಗೆ ಬೇಡ, ಸರಿ. ಹತ್ತಕ್ಕೆ? ಮೂವತ್ತಕ್ಕೆ? ಎಲ್ಲೋ ಒಂದು ಕಡೆ "ನೋಡಣ" ಅಂದ್ರೆ ಅದು ತೂಕ.

ಗೆರೆಯೇ ಅಂತಾದ್ರೆ ಅದು ಏನನ್ನ ಕಾಯ್ತಿದೆ ಅನ್ನೋದು ಮುಂದಿನ ಪ್ರಶ್ನೆ. ಇಲ್ಲೇ ಬಹಳ ಜನ ಎಡವೋದು. "ನಮ್ಮ ಕೈಯಿಂದ ಆ ಪುಡಿ ಬೀಳಬಾರದು" ಅನ್ನೋದು ಬೇರೆ, "ತಿಂದೋರಿಗೆ ತೊಂದರೆ ಆಗಬಾರದು" ಅನ್ನೋದು ಬೇರೆ. ಬಾಯಲ್ಲಿ ಎರಡೂ ಒಂದೇ ಮಾತಾಗಿ ಬರುತ್ತೆ, ತೀರ್ಮಾನ ಮಾತ್ರ ಬೇರೆ ಬೇರೆ ಕಡೆಗೆ ಎಳೆಯುತ್ತೆ. ಬೇರ್ಪಡಿಸೋಕೆ ಎರಡು ಪ್ರಶ್ನೆ ಸಾಕು:

1. ಹೈಡ್ರೋಸ್ ಹಾಕೋ ಇನ್ನೊಂದು ಆಲೆಮನೆಗೆ ಟನ್ ಲೆಕ್ಕದಲ್ಲಿ ಕಬ್ಬು ಕೊಡಬಹುದಾ? ಕೊಡಬಹುದು ಅಂದ್ರೆ ಕಾಯ್ತಿರೋದು ಕೈಯನ್ನ.
2. ಹೈಡ್ರೋಸ್ ಹಾಕಿದ್ರೆ ಬೆಲ್ಲದಲ್ಲಿ ಸಲ್ಫರ್ ಡೈಆಕ್ಸೈಡ್ ಉಳಿಯುತ್ತೆ, ಅದು 70 ಪಿಪಿಎಂ (ಹತ್ತು ಲಕ್ಷದಲ್ಲಿ 70 ಪಾಲು) ಮೀರಬಾರದು ಅಂತ ಆಹಾರ ಕಾನೂನು ಹೇಳುತ್ತೆ. ಪ್ರತಿ ಲಾಟ್ ಲ್ಯಾಬಿಗೆ ಕಳಿಸಿ ಅದರೊಳಗೇ ಇಟ್ಟರೆ ಒಪ್ಪಿಗೆಯಾ? ಒಪ್ಪಿದರೆ ಚಿಂತೆ ತಿನ್ನೋರದ್ದು.

ಜೊನಾಥನ್ ಬ್ಯಾರನ್, ಮಾರ್ಕ್ ಸ್ಪ್ರಾಂಕಾ ಅನ್ನೋ ಮನಶ್ಶಾಸ್ತ್ರಜ್ಞರು 1997ರಲ್ಲಿ ಇಂಥ ಮಾರಾಟಕ್ಕಿಲ್ಲದ ಮೌಲ್ಯಗಳ ಲಕ್ಷಣ ವಿವರಿಸಿದ್ರು. ಚಿಟಿಕೆ ಹಾಕಿದ್ರೂ ತಪ್ಪೇ, ಹಿಡಿ ಹಾಕಿದ್ರೂ ತಪ್ಪೇ, ಪ್ರಮಾಣ ಲೆಕ್ಕಕ್ಕಿಲ್ಲ. ಊರಲ್ಲಿ ಏನಾಗುತ್ತೆ ಅನ್ನೋದಕ್ಕಿಂತ ನಾನು ಏನು ಮಾಡಿದೆ ಅನ್ನೋದೇ ದೊಡ್ಡದು. ಇನ್ನೊಂದು ಲಕ್ಷಣ ನಿಮಗೆ ಸೀದಾ ತಾಗುತ್ತೆ: ಮೌಲ್ಯ ಉಳಿಸಿಕೊಂಡರೆ ನಷ್ಟವೇ ಇಲ್ಲ ಅಂತ ಮನಸ್ಸು ನಂಬಿಸಿಕೊಳ್ಳುತ್ತೆ. "ಕಲಬೆರಕೆ ಮಾಡಿದೋನು ಕೊನೆಗೆ ಮುಳುಗೇ ಮುಳುಗ್ತಾನೆ" ಅನ್ನೋದು ಆ ಜಾತಿಯ ಮಾತು. ತಮ್ಮನ ಕಡೆ "ಎಲ್ಲರೂ ಹಾಕ್ತಾರೆ, ಯಾರಿಗೇನಾಗಿದೆ" ಅನ್ನೋದೂ ಅಷ್ಟೇ. ಹೈಡ್ರೋಸಿನಿಂದ ಬೆಲ್ಲದಲ್ಲಿ ಉಳಿಯೋ ಸಲ್ಫೈಟ್ ಕೆಲವು ಅಸ್ತಮಾ ರೋಗಿಗಳಿಗೆ ಉಸಿರು ಕಟ್ಟಿಸುತ್ತೆ, ಅದು ಗೊತ್ತಿರೋ ವಿಷಯ. ಇಬ್ಬರ ಮೌಲ್ಯವನ್ನೂ ಗೌರವಿಸಿ. ಆದ್ರೆ ಅದಕ್ಕೋಸ್ಕರ ಬಗ್ಗಿಸಿದ ಸಂಗತಿಗಳನ್ನ ಒಪ್ಪಬೇಡಿ.

ಹೌದು, ಇಬ್ಬರ ಮೌಲ್ಯವೂ. ಸಾಲ ತಲೆ ಮೇಲೆ ನಿಲ್ಲಬಾರದು ಅನ್ನೋದೂ ಮೌಲ್ಯವೇ, ದುರಾಸೆ ಅಲ್ಲ.

ಆಮೇಲೆ ಗೆರೆಯ ಬೆಲೆ ಬರೆಯಿರಿ. ಟನ್ನಿಗೆ ಸುಮಾರು 100 ಕೆಜಿ ಬೆಲ್ಲ, 5 ಟನ್ನಿಗೆ 500 ಕೆಜಿ, ಮೂರು ರೂಪಾಯಿಯಂತೆ ದಿನಕ್ಕೆ 1,500. ಒಲೆ 100 ದಿನ ಉರಿದರೆ ಒಂದೂವರೆ ಲಕ್ಷ. ಬೆಲೆ ಬರೆದ ಮಾತ್ರಕ್ಕೆ ಮಾರಿದ ಹಾಗಲ್ಲ.

ಪಾಕದಹದ:
ಮೇಲಿನ ಲೆಕ್ಕದಲ್ಲಿ ಹಾಕೋದು, ಬಿಡೋದು ಎರಡೇ ದಾರಿ ಇವೆ. ಮೂರನೇದು ಹುಡುಕದೆ ಮೌಲ್ಯದ ಜಗಳಕ್ಕೆ ಇಳಿಯಬೇಡಿ ಅಣ್ಣ.

ಹೈಡ್ರೋಸ್ ಅಂದ್ರೆ ಸೋಡಿಯಂ ಹೈಡ್ರೋಸಲ್ಫೈಟ್, ಬಟ್ಟೆಗೆ ಬಣ್ಣ ಹಾಕೋ ಕಡೆ ಬಳಸೋ ಪುಡಿ. ಬೆಲ್ಲಕ್ಕೆ ಬಣ್ಣ ಬಿಟ್ಟು ಇನ್ನೇನೂ ಕೊಡಲ್ಲ, ಆ ಬಣ್ಣವೂ ಇಟ್ಟಷ್ಟು ದಿನಕ್ಕೆ ಮಂಕಾಗುತ್ತೆ. ಬೆಲ್ಲ ಕಪ್ಪಾಗೋದು ಬಹುಪಾಲು ಅದಕ್ಕೆ ಮುಂಚಿನ ತಪ್ಪುಗಳಿಂದ. ಯೂರಿಯಾ ಜಾಸ್ತಿ ಆದ ಕಬ್ಬು, ಚೌಳು ನೆಲದ ಕಬ್ಬು, ಕಡಿದು ಒಂದು ದಿನ ದಾಟಿದ ಕಬ್ಬು. ಬಿಸಿಲಲ್ಲಿ ಬಿದ್ದ ಜಲ್ಲೆಯಲ್ಲಿ ಸಕ್ಕರೆ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತೆ. ಬಣ್ಣವೂ ಕೆಡುತ್ತೆ, ಅಚ್ಚೂ ಗಟ್ಟಿಯಾಗಲ್ಲ.

ಸುಣ್ಣ ಕಣ್ಣಂದಾಜಲ್ಲಿ ಹಾಕೋದು ಬಿಡಿ. ಕಬ್ಬಿನ ರಸ ಮೊದಲೇ ಹುಳಿ ಕಡೆ ಇರುತ್ತೆ, ಪಿಎಚ್ ಐದರ ಮೇಲೆ ಸ್ವಲ್ಪ. ಪಿಎಚ್ ಕಾಗದ ಅದ್ದಿ ನೋಡುತ್ತಾ ಆರು ದಾಟಿಸಿ, ಏಳು ಮುಟ್ಟೋಕೆ ಬಿಡಬೇಡಿ. ಸುಣ್ಣ ಜಾಸ್ತಿ ಆದ್ರೆ ಕಪ್ಪಾಗೋದೇ. ಮಡ್ಡಿ (ರಸದ ಮೇಲೆ ತೇಲೋ ಕೊಳೆ) ಎತ್ತೋಕೆ ಬೆಂಡೆ ಗಿಡ ಜಜ್ಜಿ ನೀರಲ್ಲಿ ಕಿವುಚಿದ ಲೋಳೆ ಹಾಕಿ. ರಸ ಮರಳೋಕೆ ಮುಂಚೆಯೇ ಮಡ್ಡಿ ತೆಗೀಬೇಕು, ಕುದಿ ಹತ್ತಿದ ಮೇಲೆ ಅದು ಒಡೆದು ರಸದೊಳಗೇ ಸೇರುತ್ತೆ. ಅಚ್ಚು ಬೆಲ್ಲಕ್ಕೆ 116ರಿಂದ 118 ಡಿಗ್ರಿಗೆ ಕೊಪ್ಪರಿಗೆ ಇಳಿಸಿ, ಪುಡಿಗೆ 120ರಿಂದ 122, ಜೋನಿ (ದ್ರವ) ಬೆಲ್ಲಕ್ಕೆ 105, 106. ಪುಡಿಗೂ ಜೋನಿಗೂ ಗಿರಾಕಿಯೇ ಬೇರೆ. ಮಂಡಿಯ ಹಳದಿ ಜೊತೆ ಪೈಪೋಟಿಗೆ ನಿಲ್ಲಬೇಕಿಲ್ಲ.

ಇಷ್ಟು ಮಾಡಿದ್ರೂ ನಿಂಬೆ ಹಳದಿ ಬರಲ್ಲ, ಹೊಂಬಣ್ಣ ಬರುತ್ತೆ. ಮೂರು ರೂಪಾಯಿ ಅಂತರ ಅಲ್ಲಿಗೆ ಎಷ್ಟಕ್ಕಿಳಿಯುತ್ತೆ ಅಂತ ಒಂದು ಕೊಪ್ಪರಿಗೆ ಮಾಲು ಮಂಡಿಗೆ ಹಾಕಿ ನೋಡಿ, ಆಮೇಲೆ ಒಂದೂವರೆ ಲಕ್ಷದ ಮಾತು. ಕಬ್ಬಿನ ತಳಿ, ಗೊಬ್ಬರದ ವಿಚಾರಕ್ಕೆ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ, ವಿ.ಸಿ. ಫಾರಂ, ಹತ್ತಿರದಲ್ಲೇ ಇದೆ.

ಗಾಣದಮನೆ:
ಕೇಳಿದೆ. ಮೂವತ್ತಕ್ಕೂ ಬೇಡವಂತೆ, ಬೇರೆ ಆಲೆಮನೆಗೆ ಕಬ್ಬು ಕೊಡೋದೂ ಬೇಡವಂತೆ. ಲ್ಯಾಬ್ ವಿಷಯಕ್ಕೆ ಮಾತ್ರ "ಯಾರು ದಿನಾ ಹೊತ್ಕೊಂಡು ಹೋಗ್ತಾರೆ" ಅಂದ್ರು.

ತಕ್ಕಡಿ_ಮೈಸೂರು:
ಹಾಗಾದ್ರೆ ಕೈಯಷ್ಟೇ ಅಲ್ಲ, ತಿನ್ನೋರ ಚಿಂತೆಯೂ ಇದೆ. ಲ್ಯಾಬ್ ಮಾತಿಗೆ ಬಂದದ್ದು ಪ್ರಯಾಸದ ಉತ್ತರ, ಮೌಲ್ಯದ್ದಲ್ಲ. ಅದನ್ನ ಇನ್ನೊಂದು ಸಲ ಬಿಡಿಸಿ ಕೇಳಿ. ಸದ್ಯಕ್ಕೆ ಗೆರೆ ಅಂತಲೇ ಇಟ್ಕೊಳ್ಳಿ.

ಮೂರುಪಾಲು:
ಒಂದು ವಿಷಯ ಬಿಟ್ಟುಹೋಗಿದೆ. ಗೆರೆ ಅಪ್ಪನದು, ಬೆಲೆ ತಮ್ಮನದು ಅಂತಾದ್ರೆ ಆ ತೀರ್ಮಾನ ಒಂದು ಸೀಸನ್ನೂ ಬಾಳಲ್ಲ. ಕಮ್ಮಿಯಾಗೋ ಮೊತ್ತ ಮೊದಲು ಯಾರ ಪಾಲಿನಿಂದ ಹೋಗುತ್ತೆ, ಸಾಲದ ಕಂತು ಎಲ್ಲಿಂದ ಬರುತ್ತೆ ಅಂತ ಒಲೆ ಹೊತ್ತಿಸೋಕೆ ಮುಂಚೆ ಬರೆದಿಡಿ. ಸಂಕ್ರಾಂತಿ ಹತ್ತಿರ ಬಂದು ಎಳ್ಳು ಬೆಲ್ಲದ ಗಿರಾಕಿ ಏರಿದಾಗ ಕೂತು ಮಾತಾಡಿದ್ರೆ ಆ ವಾರದ ರೇಟೇ ತೀರ್ಮಾನ ಮಾಡುತ್ತೆ.

ಪಾಕ ಇಳಿಸೋನನ್ನೂ ಮಾತಿಗೆ ಕೂರಿಸಿ. ಬಣ್ಣ ಕೆಟ್ಟರೆ ಬೈಗುಳ ಬೀಳೋದು ಅವನಿಗೆ. ರಾತ್ರಿ ಲಾರಿ ಕಾಯ್ತಿರುವಾಗ ಯಾರನ್ನೂ ಕೇಳದೆ ಒಂದು ಹಿಡಿ ಎಸೆದುಬಿಡ್ತಾನೆ. ಕೂಲಿಯನ್ನ ಬಣ್ಣಕ್ಕೆ ತಳುಕು ಹಾಕಬೇಡಿ, ಡಬ್ಬಿ ಆಲೆಮನೆಯೊಳಗೆ ಇರಲೇಬಾರದು, ಮತ್ತೆ "ಬಣ್ಣ ಕೆಟ್ಟ ಕೊಪ್ಪರಿಗೆ ಜೋನಿಗೆ" ಅಂತ ಮೊದಲೇ ಹೇಳಿಡಿ. ಪಾಕ ಜೋನಿಯ ಹದ ದಾಟಿದ ಮೇಲೆ ಗೊತ್ತಾದ್ರೆ ಕಪ್ಪಗಿದ್ದರೂ ಬಕೆಟ್ ಅಚ್ಚಿಗೇ ಹುಯ್ದು ಕಪ್ಪು ಬೆಲ್ಲದ ರೇಟಿಗೇ ಮಾರಬೇಕು.