299 ರೂಪಾಯಿಯ ಮಡಚುವ ಚಾಕು ತಗೊಳ್ಳಬಹುದಾ?

ತೋಟದಮನೆ:
ಆನ್‌ಲೈನ್‌ನಲ್ಲಿ 299 ರೂಪಾಯಿಗೆ ಒಂದು ಮಡಚುವ ಚಾಕು ಇದೆ. ಅಲಗು 8 ಸೆಂ.ಮೀ., ಕಪ್ಪು ಬಣ್ಣ, ಮೇಲೆ ‘440 ಸ್ಟೇನ್‌ಲೆಸ್’ ಅಂತ ಅಚ್ಚು. ಲೈನರ್ ಲಾಕ್, ಅಲಗು ಚಿಮ್ಮಿ ತೆರೆಯೋಕೆ ಸ್ಪ್ರಿಂಗ್, ಹಿಡಿಯ ತುದೀಲಿ ಗಾಜು ಒಡೆಯೋ ಮೊನೆ, ಸೀಟ್‌ಬೆಲ್ಟ್ ಕತ್ತರಿಸೋ ಕೊಕ್ಕೆ ಎಲ್ಲಾ ಇದೆ. ನನಗೆ ಬೇಕಿರೋದು ತೋಟದ ಕೆಲಸಕ್ಕೆ: 16 ಮಿ.ಮೀ. ಡ್ರಿಪ್ ಪೈಪ್, ಗೊಬ್ಬರದ ಚೀಲದ ಹೊಲಿಗೆ, ಬಾಳೆಎಲೆ, ನಡುವೆ ಒಂದು ಮಾವಿನಹಣ್ಣು. ಕಸಿ ಕಟ್ಟೋಕೂ ಆಗುತ್ತಾ? ಇಷ್ಟು ಅಗ್ಗದ್ದು ತಗೊಂಡ್ರೆ ದುಡ್ಡು ದಂಡವಾ?

ಸಾಣೆಕಲ್ಲು:
ಅಗ್ಗದ್ದು ಅನ್ನೋ ಕಾರಣಕ್ಕೇ ಬೇಡ ಅನ್ನಲ್ಲ. ಆದರೆ ನೀವು ಹೇಳಿದ ಈ ಚಾಕು ಬೇಡ. 299 ರೂಪಾಯಿಯೊಳಗೆ ಸ್ಪ್ರಿಂಗ್, ಕೊಕ್ಕೆ, ಮೊನೆ, ಬಣ್ಣ ಎಲ್ಲಾ ಕೊಟ್ಟಿದ್ದಾರೆ ಅಂದರೆ ಅಲಗಿಗೂ ಲಾಕ್‌ಗೂ ಉಳಿದಿರೋದು ತೀರಾ ಕಡಿಮೆ. ಚಾಕುವಿಗೆ ಬೇಕಾದ್ದೇ ಅವೆರಡು.

ಮೊದಲು ಉಕ್ಕು. ‘440’ ಅಂತ ಬರೆದಿದ್ದರೆ ಏನೂ ಗೊತ್ತಾಗಲ್ಲ. 440ಎ, 440ಬಿ, 440ಸಿ ಅಂತ ಮೂರು ಬಗೆಯ ಉಕ್ಕಿವೆ. ಇಂಗಾಲ ಹೆಚ್ಚಿದ್ದಷ್ಟೂ ಅಲಗು ಗಟ್ಟಿಯಾಗಿ ಹರಿತ ಉಳಿಸಿಕೊಳ್ಳುತ್ತೆ. ಎ-ಯಲ್ಲಿ ಇಂಗಾಲ ಸುಮಾರು 0.6–0.75%, ಸಿ-ಯಲ್ಲಿ 0.95–1.2%. ಅಕ್ಷರ ಬಿಟ್ಟು ಬರೀ ಸಂಖ್ಯೆ ಹಾಕಿದ್ದಾರೆ ಅಂದರೆ ಸಿ ಅಂತೂ ಅಲ್ಲ ಅಂದ್ಕೊಳ್ಳಿ. ಈ ಬೆಲೆಯಲ್ಲಿ ಹೆಚ್ಚಾಗಿ ಸಿಗೋದು 3ಸಿಆರ್13 ಅನ್ನೋ ಉಕ್ಕಿನ ಥರದ್ದು, ಇಂಗಾಲ 0.3% ಆಸುಪಾಸು. ಅದಕ್ಕೆ ತುಕ್ಕು ಬೇಗ ಹಿಡಿಯಲ್ಲ, ಮಸೆಯೋದೂ ಸುಲಭ, ಆದರೆ ರಟ್ಟು ಕೊಯ್ದರೆ ಬೇಗ ಮೊಂಡಾಗುತ್ತೆ. 8ಸಿಆರ್13ಎಂಒವಿ ಅಂತ ಬರೆದಿದ್ದು ಸಿಕ್ಕರೆ ಅದು ಒಂದು ಮೆಟ್ಟಿಲು ಮೇಲೆ. ಹೆಸರಿಗಿಂತ ಮುಖ್ಯ ಹದ, ಅಂದರೆ ಉಕ್ಕನ್ನ ಕಾಯಿಸಿ ತಣಿಸಿದ ರೀತಿ. ಒಳ್ಳೆ ಉಕ್ಕಿಗೂ ಹದ ಸರಿಯಾಗಿ ಕೊಡದಿದ್ದರೆ ಬಾಯಿ (ಅಲಗಿನ ಹರಿತವಾದ ಅಂಚು) ಮಡಚಿಕೊಳ್ಳುತ್ತೆ ಇಲ್ಲವೇ ಚಕ್ಕೆ ಏಳುತ್ತೆ.

ಇನ್ನು ಲಾಕ್, ಅಂದರೆ ತೆರೆದ ಅಲಗು ಮಡಚಿಕೊಳ್ಳದಂತೆ ತಡೆಯೋದು. ಭಯ ಇರೋದು ಇಲ್ಲೇ. ಲೈನರ್ ಲಾಕ್ ಅಂದರೆ ಹಿಡಿಯೊಳಗಿನ ತಗಡಿನ ಪಟ್ಟಿ ಪಕ್ಕಕ್ಕೆ ಸರಿದು ಅಲಗಿನ ಬುಡಕ್ಕೆ ಆನಿಸಿಕೊಳ್ಳೋದು, ಅಷ್ಟೇ. ಡ್ರಿಪ್ ಪೈಪ್ ಕೊಯ್ಯುವಾಗ ಅಲಗು ಅರ್ಧದಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ, ನಾವು ಅಲ್ಲಾಡಿಸಿ ಹಿಂದಕ್ಕೆ ಎಳೀತೀವಿ. ಆಗ ಒತ್ತಡ ಬೀಳೋದು ಅಲಗಿನ ಬೆನ್ನಿನ ಕಡೆಗೆ. ಪಟ್ಟಿ ತೆಳುವಾಗಿದ್ದರೆ ಅಥವಾ ಬುಡದ ಇಳಿಜಾರು ಸರಿಯಾಗಿ ಉಜ್ಜಿರದಿದ್ದರೆ ಪಟ್ಟಿ ಜಾರುತ್ತೆ, ಅಲಗು ನೇರ ಬೆರಳಿನ ಮೇಲೆ ಮಡಚುತ್ತೆ. ಜೇಬಿನ ನೂಲು, ಮಣ್ಣು ಸೇರಿಕೊಂಡರೂ ಇದೇ ಗತಿ.

ಸ್ಪ್ರಿಂಗ್ ಇರೋದಂತೂ ಬೇಡವೇ ಬೇಡ. ಜೇಬಲ್ಲೇ ತೆರೆದುಕೊಳ್ಳೋ ಸಾಧ್ಯತೆ ಇರುತ್ತೆ.

ಅಡಿಕೆಗೊನೆ:
ಸಾಣೆಕಲ್ಲು ಅವರ ಮಾತಿಗೆ ನನ್ನದೂ ಸಹಮತ. ಕಪ್ಪು ಬಣ್ಣದ ಬಗ್ಗೆ ಒಂದು ಮಾತು: ಅಗ್ಗದ ಚಾಕುವಿನಲ್ಲಿ ಅದು ಬಹಳ ಸಲ ಬರೀ ಪೇಂಟ್. ಉಜ್ಜಿದ ಕಡೆ ಏಳುತ್ತೆ, ಅದೇ ಚಾಕುವಿನಲ್ಲಿ ಹಣ್ಣು ಹೆಚ್ಚೋದು ಸರಿಯಲ್ಲ. ಅಲೆಅಲೆ ಚಿತ್ರ ಇರೋ ‘ಡಮಾಸ್ಕಸ್’ ಅಂತ ಈ ಬೆಲೆಗೆ ಬರೋದೂ ಮೇಲೆ ಮೂಡಿಸಿದ ಚಿತ್ರ ಮಾತ್ರ, ಪದರ ಪದರವಾಗಿ ಬೆಸೆದ ಉಕ್ಕಲ್ಲ.

ಕಸಿಗೆ ಮಾತ್ರ ಇದನ್ನ ಬಳಸಬೇಡಿ. ಕಸಿ ಚಾಕುವಿನ ಅಲಗನ್ನ ಸಾಮಾನ್ಯವಾಗಿ ಒಂದೇ ಮಗ್ಗುಲಿಗೆ ಮಸೆದಿರ್ತಾರೆ, ಇನ್ನೊಂದು ಮಗ್ಗುಲು ಚಪ್ಪಟೆ. ಹಾಗಿದ್ದರೇ ಕಡ್ಡಿಯ ಓರೆ ಕೊಯ್ತ ಒಂದೇ ಎಳೆತಕ್ಕೆ ಸಮತಟ್ಟಾಗಿ ಬರೋದು. ಎರಡೂ ಮಗ್ಗುಲು ಮಸೆದ ಅಲಗು ಒಳಕ್ಕೆ ಅಗೆಯುತ್ತೆ, ಕೊಯ್ತ ಡೊಂಕಾಗುತ್ತೆ, ಬೇರುಗಿಡಕ್ಕೂ ಕಡ್ಡಿಗೂ ಮಧ್ಯೆ ಸಂದು ಉಳಿದು ಕಸಿ ಒಣಗುತ್ತೆ. ಗೊಬ್ಬರದ ಚೀಲ ಕೊಯ್ದ ಚಾಕುವನ್ನ ಕಸಿಗೆ ತರೋದೇ ತಪ್ಪು. ಕಸಿ ಚಾಕು ಬೇರೆಯೇ ಇರಲಿ, ಪ್ರತಿ ಗಿಡಕ್ಕೆ ಮುಂಚೆ ಸ್ಪಿರಿಟ್‌ನಲ್ಲಿ ಒರೆಸಿ.

ತೋಟದಮನೆ:
ಧನ್ಯವಾದ ಇಬ್ಬರಿಗೂ. ಹಾಗಾದರೆ ಇದೇ ಬೆಲೆಗೆ ಯಾವ ಥರದ್ದು ನೋಡಲಿ? ಕೈಗೆ ಬಂದ ಮೇಲೆ ಪರೀಕ್ಷೆ ಹೇಗೆ?

ಸಾಣೆಕಲ್ಲು:
ಒಂದೇ ಅಲಗು, ಬಣ್ಣ ಇಲ್ಲದ ಉಕ್ಕು, ಸ್ಕ್ರೂ ಹಾಕಿದ ಕೀಲು. ರಿವೆಟ್ ಹೊಡೆದಿದ್ದರೆ ಸಡಿಲವಾದ ಮೇಲೆ ಬಿಗಿ ಮಾಡೋದು ಕಷ್ಟ. ಲೈನರ್ ಲಾಕ್‌ಗಿಂತ ಹಿಡಿಯ ಬೆನ್ನಿನ ಮೇಲೆ ಒತ್ತಿ ಬಿಡಿಸೋ ಬ್ಯಾಕ್ ಲಾಕ್ ಸಿಕ್ಕರೆ ಒಳ್ಳೇದು.

ಬಂದ ದಿನವೇ, ವಾಪಸ್ ಕಳಿಸೋ ಗಡುವಿನೊಳಗೆ ನೋಡಬೇಕಾದ್ದು: ತೆರೆದು ಅಲಗನ್ನ ಬಟ್ಟೆಯಲ್ಲಿ ಹಿಡಿದು ಎಡಬಲ, ಮೇಲೆಕೆಳಗೆ ಅಲ್ಲಾಡಿಸಿ. ಎಡಬಲ ಅಲ್ಲಾಡಿದರೆ ಕೀಲಿನ ಸ್ಕ್ರೂ ಕಾಲು ಸುತ್ತು ಬಿಗಿ ಮಾಡಿ ನೋಡಿ, ಹೆಚ್ಚಾಗಿ ಸರಿಹೋಗುತ್ತೆ. ಮೇಲೆಕೆಳಗೆ ಅಲ್ಲಾಡಿದರೆ ಅದು ಲಾಕ್‌ನ ದೋಷ, ಸ್ಕ್ರೂ ಬಿಗಿ ಮಾಡಿದರೆ ಹೋಗಲ್ಲ, ವಾಪಸ್ ಕಳಿಸಿ. ಲೈನರ್ ಲಾಕ್ ಆಗಿದ್ದರೆ ಪಟ್ಟಿ ಅಲಗಿನ ಬುಡದ ಅಗಲದಲ್ಲಿ ಕಾಲು ಭಾಗದಿಂದ ಅರ್ಧದವರೆಗೆ ಒಳಗೆ ಬಂದಿರಬೇಕು. ಅಂಚಿನಲ್ಲಷ್ಟೇ ತಾಕಿದ್ದರೆ ನಂಬಬೇಡಿ. ಆಮೇಲೆ ಬೆರಳೆಲ್ಲ ಅಲಗಿನ ದಾರಿಯಿಂದ ಹೊರಗಿಟ್ಟು, ಹಿಡಿಯನ್ನ ಪಕ್ಕದಿಂದ ಹಿಡಿದು, ಅಲಗಿನ ಬೆನ್ನನ್ನ ಮರದ ಹಲಗೆಗೆ ಮೆಲ್ಲಗೆ ನಾಲ್ಕೈದು ಸಲ ತಟ್ಟಿ. ಲಾಕ್ ಬಿಟ್ಟುಕೊಟ್ಟರೆ ಅಲ್ಲಿಗೆ ಮುಗೀತು.

ಅಂಗಡಿಯಿಂದ ಬಂದ ಹರಿತ ನೋಡಿ ತೀರ್ಮಾನ ಮಾಡಬೇಡಿ. ಅಗ್ಗದ ಚಾಕುವನ್ನ ಯಂತ್ರದಲ್ಲಿ ಆತುರವಾಗಿ ಉಜ್ಜಿರ್ತಾರೆ, ಬಾಯಿ ಬಿಸಿಯಾಗಿ ಮೇಲಿನ ಪದರ ಮೆತ್ತಗಾಗಿರುತ್ತೆ. ಎರಡು ಮೂರು ಸಲ ಮಸೆದ ಮೇಲೆ ನಿಜವಾದ ಉಕ್ಕು ಸಿಗುತ್ತೆ. ಪ್ರತಿ ಮಗ್ಗುಲಿಗೆ 20 ಡಿಗ್ರಿ ಇಡಿ: ಅಲಗು 20 ಮಿ.ಮೀ. ಅಗಲ ಇದ್ದರೆ ಬೆನ್ನು ಕಲ್ಲಿನಿಂದ ಸುಮಾರು 7 ಮಿ.ಮೀ. ಮೇಲಿರಬೇಕು. 400ರ (ಒರಟು) ಕಲ್ಲಿನಲ್ಲಿ ಒಂದೇ ಮಗ್ಗುಲು ಉಜ್ಜುತ್ತಾ ಹೋಗಿ, ಎದುರು ಮಗ್ಗುಲಲ್ಲಿ ಬೆರಳಿಗೆ ಬುಡದಿಂದ ತುದಿವರೆಗೆ ಒರಟು ಎಳೆ ತಾಕೋವರೆಗೆ. ಆಮೇಲೆ ಇನ್ನೊಂದು ಮಗ್ಗುಲು, ಆಮೇಲೆ 1000ದ (ನಯವಾದ) ಕಲ್ಲು, ಕೊನೆಗೆ ಹಳೇ ಚರ್ಮದ ಬೆಲ್ಟ್ ಮೇಲೆ ಬೆನ್ನು ಮುಂದಾಗಿ ಎಳೆಯಿರಿ. ಆ ಎಳೆ ಪೂರ್ತಿ ಬರೋ ಮುಂಚೆಯೇ ಮಗ್ಗುಲು ಬದಲಿಸೋದರಿಂದಲೇ ಎಷ್ಟು ಮಸೆದರೂ ಹರಿತ ಬರಲ್ಲ.

ಬಯಲುಸೀಮೆ:
ಬಜೆಟ್ ಸ್ವಲ್ಪ ಏರಿಸೋಕಾದರೆ ಒಪಿನೆಲ್ ಕಂಪನಿಯ ನಂ. 8 ಮಡಚುವ ಚಾಕು ನೋಡಿ. ಅಲಗು 8.5 ಸೆಂ.ಮೀ., ಕೀಲಿನ ಸುತ್ತ ತಿರುಗಿಸೋ ಉಕ್ಕಿನ ಉಂಗುರವೇ ಲಾಕ್. ಒಂದೇ ತೊಂದರೆ: ಹಿಡಿ ಬೀಚ್ ಮರದ್ದು, ಮಲೆನಾಡಿನ ಮಳೆಗಾಲಕ್ಕೆ ಉಬ್ಬಿ ಅಲಗು ತೆರೆಯೋಕೇ ಬಿಗಿಯಾಗುತ್ತೆ. ತೋಟಕ್ಕಾದರೆ ಸ್ಟೇನ್‌ಲೆಸ್ ಅಲಗಿನದ್ದೇ ತಗೊಳ್ಳಿ, ಕಾರ್ಬನ್ ಉಕ್ಕಿನ (ಸ್ಟೇನ್‌ಲೆಸ್ ಅಲ್ಲದ) ಅಲಗು ಮಾವಿನ ಸೊನೆಗೆ ಕಪ್ಪಾಗುತ್ತೆ.

ಯಾವುದೇ ತಗೊಂಡ್ರೂ ಬಾಳೆಎಲೆ ಕೊಯ್ದ ದಿನ ಕೀಲು ತೊಳೆಯದೆ ಮಡಚಿಡಬೇಡಿ. ಸೊನೆ ಕೀಲಿಗಿಳಿದು ಒಣಗಿದರೆ ಅಂಟಿನಂತೆ ಹಿಡಿದುಕೊಳ್ಳುತ್ತೆ. ಬಿಸಿನೀರು, ಪಾತ್ರೆ ಸೋಪು, ಹಳೇ ಟೂತ್‌ಬ್ರಷ್ ಸಾಕು. ಪೂರ್ತಿ ಒಣಗಿಸಿ ಕೀಲಿಗೆ ಒಂದು ಹನಿ ಎಣ್ಣೆ. ಕೊಬ್ಬರಿ ಎಣ್ಣೆ ಚಳಿಗೆ ಹೆಪ್ಪುಗಟ್ಟುತ್ತೆ. ಹಣ್ಣು ಹೆಚ್ಚೋ ಚಾಕುವಿಗೆ ಮೆಡಿಕಲ್ ಶಾಪ್‌ನಲ್ಲಿ ಸಿಗೋ ಲಿಕ್ವಿಡ್ ಪ್ಯಾರಾಫಿನ್ ಹಾಕಿ.