ಕನ್ಸರ್ವೇಟರಿಗೆ ಯಾವ ಬಾಗಿಲು ಅಂತ ಕೇಳಿದ್ದೆಯಲ್ಲ, ಕೇಳಿಸ್ಕೊ

ಪುಟ್ಟಿ, ನೀನು ಕಳಿಸಿದ ಫೋಟೋ ನೋಡ್ದೆ, ಅಂಗಡಿಯವರ ಕೊಟೇಶನ್ನೂ ಓದ್ದೆ ಕಣೇ. ಟೈಪ್ ಮಾಡ್ತಾ ಕೂತ್ರೆ ಮುಗಿಯೋ ವಿಷಯ ಅಲ್ಲ ಇದು, ಅದಕ್ಕೇ ಬಾಯಲ್ಲೇ ಹೇಳ್ತಿದ್ದೀನಿ. ಉದ್ದ ಆಗತ್ತೆ, ಅಡುಗೆ ಮಾಡ್ತಾ ಕೇಳಿಸ್ಕೊ. ಊಟದ ಕೋಣೆಗೂ ಮನೆ ಹಿಂದೆ ಸೇರಿಸಿ ಕಟ್ಟಿರೋ ಆ ಗಾಜಿನ ಕೋಣೆಗೂ, ಅದೇ ಕನ್ಸರ್ವೇಟರಿಗೂ, ನಡುವೆ ಬಾಗಿಲೇ ಇಲ್ಲ, ಚಳಿ ತಡ್ಕೊಳ್ಳಕ್ಕಾಗ್ತಿಲ್ಲ, ಡಿಸೆಂಬರ್‌ಗೆ ಅತ್ತೆ ಮಾವ ಬೇರೆ ಬರ್ತಿದ್ದಾರೆ, ಆ ಓಕ್ ಮರದ ಮಡಚೋ ಬಾಗಿಲು ಹಾಕಿಸ್ಲಾ ಅಂತ ಕೇಳಿದ್ದೀಯ. ಬಾಗಿಲು ಹಾಕಿಸು, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಆ ಬಾಗಿಲು ಬೇಡ. ಅದು ಒಂದು ರೂಮಿಗೂ ಇನ್ನೊಂದು ರೂಮಿಗೂ ನಡುವೆ ಹಾಕೋವಂಥದ್ದು. ನಿಂಗೆ ಬೇಕಾಗಿರೋದು ಮನೆಯಿಂದ ಹಿತ್ತಿಲಿಗೆ ಹೋಗೋ ಕಡೆ ಹಾಕ್ತಾರಲ್ಲ, ಆ ದರ್ಜೆಯ ಬಾಗಿಲು.

ಚಿಕ್ಕಮ್ಮ, ನೀವೂ ಈ ಗ್ರೂಪಲ್ಲಿ ಕೇಳಿದ್ರಿ, ಇಷ್ಟು ಚಳಿಯ ದೇಶದಲ್ಲಿ ಮನೆಗೆ ಸೇರಿಸಿ ಗಾಜಿನ ಕೋಣೆ ಯಾಕೆ ಕಟ್ಕೋತಾರೆ ಅಂತ. ಲಾಲ್‌ಬಾಗಿನ ಗಾಜಿನ ಮನೆ ನೋಡಿದ್ದೀರಲ್ಲ, 1889ರದ್ದು, ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಮಾದರಿಯಲ್ಲಿ ಕಟ್ಟಿದ್ದು. ಅದು ಹೂವಿನ ಪ್ರದರ್ಶನಕ್ಕೆ. ಇಲ್ಲಿ ಇಂಗ್ಲೆಂಡಲ್ಲೂ ಇದು ಶುರುವಾಗಿದ್ದು ಗಿಡಗಳಿಗೋಸ್ಕರವೇ. ಕಿತ್ತಳೆ, ನಿಂಬೆ ಗಿಡಗಳು ಚಳಿಗೆ ಸಾಯದಿರ್ಲಿ ಅಂತ ಶ್ರೀಮಂತರು ಕಟ್ಟಿಸ್ಕೊಳ್ತಿದ್ರು. ಆಮೇಲೆ ಪ್ಲಾಸ್ಟಿಕ್ ಚೌಕಟ್ಟು, ಪಾಲಿಕಾರ್ಬೊನೇಟ್ ಚಾವಣಿ ಅಗ್ಗಕ್ಕೆ ಸಿಗೋ ಹಾಗಾದ್ಮೇಲೆ ಸಾಮಾನ್ಯ ಮನೆಗಳ ಹಿಂದೂ ಬಂತು. ಬಿಸಿಲಿದ್ದ ದಿನ ಕೂರೋಕೆ ಚೆನ್ನಾಗಿರತ್ತೆ, ಬೆಳಕು ಸೊಗಸು. ವರ್ಷಪೂರ್ತಿ ಇರೋಕೆ ಅಂತ ಮಾಡಿದ್ದಲ್ಲ ಅದು.

ಅದಕ್ಕೇ ಪುಟ್ಟಿ, ಇಂಗ್ಲೆಂಡಿನ ಕಟ್ಟಡ ನಿಯಮದಲ್ಲಿ ಕನ್ಸರ್ವೇಟರಿಗೆ ಒಂದು ವಿನಾಯಿತಿ ಇದೆ. ನೆಲಮಟ್ಟದಲ್ಲಿರಬೇಕು, 30 ಚದರ ಮೀಟರ್ ಒಳಗಿರಬೇಕು, ಗಾಜು ಸುರಕ್ಷತೆಯ ನಿಯಮಕ್ಕೆ ಸರಿಯಾಗಿರಬೇಕು. ಇವಕ್ಕಿಂತ ಮುಖ್ಯ ಇನ್ನೊಂದಿದೆ: ಮನೆಗೂ ಅದಕ್ಕೂ ಮಧ್ಯೆ ಹೊರಗೋಡೆಗೆ ಸಲ್ಲೋ ಗುಣಮಟ್ಟದ ಗೋಡೆ, ಕಿಟಕಿ, ಬಾಗಿಲು ಇರಬೇಕು, ಮನೆಯ ಹೀಟಿಂಗ್ ಅಲ್ಲಿಗೆ ಎಳೆದಿರಬಾರದು. ನಿಮ್ಮ ಮನೆ ಹಿಂದಿನ ಮಾಲೀಕರು ಬಾಗಿಲು ತೆಗೆದು ಕಮಾನು ಮಾಡಿದ್ದಾರೆ, ಬಿಸಿನೀರು ಹರಿದು ಕೋಣೆ ಬೆಚ್ಚಗಿಡೋ ರೇಡಿಯೇಟರನ್ನೂ ಅಲ್ಲಿಗೆ ಎಳೆದಿದ್ದಾರೆ. ಅಂದ್ರೆ ಆ ವಿನಾಯಿತಿ ಹೋದ ಹಾಗೆ. ಈಗಲೇ ಯಾರಾದ್ರೂ ಬಂದು ಕೇಳೋ ಸಾಧ್ಯತೆ ಕಮ್ಮಿ, ಹೆದರ್ಕೋಬೇಡ. ಆದ್ರೆ ನಾಳೆ ಮನೆ ಮಾರೋವಾಗ ಕೊಳ್ಳೋರ ವಕೀಲರು ಇದನ್ನ ಕೇಳೇ ಕೇಳ್ತಾರೆ. ಒಳಬಾಗಿಲು ಹಾಕಿದ್ರೆ ಆ ಪ್ರಶ್ನೆ ಹಾಗೇ ಉಳಿಯತ್ತೆ. ಸರಿಯಾದ ಬಾಗಿಲು ಹಾಕಿಸಿ ರೇಡಿಯೇಟರ್ ತೆಗೆಸಿದ್ರೆ ಮನೆ ಮತ್ತೆ ಮೊದಲಿನ ಸ್ಥಿತಿಗೆ ಬರತ್ತೆ. ನಿಮ್ಮ ಕೌನ್ಸಿಲ್‌ನ ಬಿಲ್ಡಿಂಗ್ ಕಂಟ್ರೋಲ್‌ಗೆ, ಅಂದ್ರೆ ಕಟ್ಟಡ ನಿಯಮ ನೋಡ್ಕೊಳ್ಳೋ ವಿಭಾಗಕ್ಕೆ, ಒಂದು ಫೋನ್ ಮಾಡಿ, ಯಾವ ಕಾಗದ ಬೇಕು ಅಂತ ಕೆಲಸ ಶುರು ಮಾಡೋ ಮುಂಚೆಯೇ ಕೇಳ್ಕೊಂಡ್ಬಿಡಿ.

ಈಗ ಶಾಖದ ಲೆಕ್ಕ. ನಿಮ್ಮ ಕಮಾನು 2.4 ಮೀಟರ್ ಅಗಲ, 2.1 ಮೀಟರ್ ಎತ್ತರ ಅಂದ್ಯಲ್ಲ, ಅಂದ್ರೆ ಐದು ಚದರ ಮೀಟರ್. ಮನೆ ಒಳಗೆ 19 ಡಿಗ್ರಿ, ಬಾಗಿಲು ಹಾಕಿದ್ಮೇಲೆ ಕನ್ಸರ್ವೇಟರಿ 4 ಡಿಗ್ರಿ ಅಂತ ಇಟ್ಕೊ. ಆ ಅಂಗಡಿಯ ಬಾಗಿಲು ಒಂಟಿ ಗಾಜಿನದ್ದು, ಮರವೂ ತೆಳು. ಅದರ ಮೂಲಕ ಸುಮಾರು 340 ವ್ಯಾಟ್ ಶಾಖ ಸೋರ್ತಾ ಇರತ್ತೆ. ಬಾಗಿಲಿನ ಮೂಲಕ ಶಾಖ ಎಷ್ಟು ಸೋರತ್ತೆ ಅನ್ನೋ ಅಳತೆಗೆ ಯು-ಮೌಲ್ಯ ಅಂತಾರೆ, ಕಮ್ಮಿ ಇದ್ದಷ್ಟೂ ಒಳ್ಳೇದು. ಎರಡು ಪದರ ಗಾಜಿನ ಹೊಸ ಡಬಲ್ ಗ್ಲೇಜಿಂಗ್ ಬಾಗಿಲಿಗೆ ನಿಯಮದಲ್ಲಿ ಹೇಳಿರೋದು 1.4, ಅದರಲ್ಲಿ ಸೋರೋದು 105 ವ್ಯಾಟ್ ಅಷ್ಟೆ. ಮೂರರಲ್ಲಿ ಒಂದು ಭಾಗಕ್ಕೂ ಕಮ್ಮಿ. ಈಗ ತೆರೆದೇ ಇರೋವಾಗ ಆ ಗಾಜು, ಆ ಚಾವಣಿ ಎಲ್ಲಾ ಸೇರಿ ನನ್ನ ಅಂದಾಜಿಗೆ 1,300 ವ್ಯಾಟ್‌ವರೆಗೂ ಹೋಗ್ತಿರಬಹುದು.

ದುಡ್ಡಿನ ಲೆಕ್ಕದಲ್ಲಿ ಮಾತ್ರ ನೋಡಿದ್ರೆ, ಆ ಮರದ ಬಾಗಿಲೂ ದೊಡ್ಡ ಪಾಲು ಉಳಿಸತ್ತೆ, ಅದನ್ನ ಒಪ್ಕೋಬೇಕು. ಗ್ಯಾಸ್ ಯೂನಿಟ್‌ಗೆ ಆರು ಪೆನ್ಸ್, ದಿನಕ್ಕೆ ಹನ್ನೆರಡು ಗಂಟೆ, ಚಳಿಯ ಐದು ತಿಂಗಳು ಅಂತ ಹಿಡಿದ್ರೆ, ಈಗ ಆ ಕೋಣೆಗೇ ಅಂತ ವರ್ಷಕ್ಕೆ ಸುಮಾರು ನೂರ ನಲವತ್ತು ಪೌಂಡ್ ಹೋಗ್ತಿದೆ. ಮರದ ಬಾಗಿಲು ಹಾಕಿದ್ರೆ ಅದು ಮೂವತ್ತೇಳಕ್ಕೆ ಇಳಿಯತ್ತೆ, ಒಳ್ಳೆ ಬಾಗಿಲು ಹಾಕಿದ್ರೆ ಹನ್ನೊಂದಕ್ಕೆ. ವ್ಯತ್ಯಾಸ ಮೂವತ್ತು ಪೌಂಡ್ ಕೂಡ ಇಲ್ಲ. ನಿಮ್ಮನೆಯವ್ರು ಇದೇ ಲೆಕ್ಕ ಮುಂದಿಟ್ರೆ ಅದು ತಪ್ಪಲ್ಲ. ಆದ್ರೆ ಇದು ಬರೀ ಗಾಜು, ಮರದ ಮೂಲಕ ಹೋಗೋ ಶಾಖ. ಸಂದಿಯಲ್ಲಿ ಬರೋ ಗಾಳಿ ಇದರಲ್ಲಿ ಸೇರಿಲ್ಲ, ಮತ್ತೆ ನಿಮ್ಮತ್ತೆ ಆ ಬಾಗಿಲ ಪಕ್ಕ ಊಟಕ್ಕೆ ಕೂರೋವಾಗ ಅವರ ಕಾಲಿಗೆ ಬಡಿಯೋದು ಅದೇ ಗಾಳಿ. ಒಳಗಿನ ಮಡಚೋ ಬಾಗಿಲಿಗೆ ಸಾಮಾನ್ಯವಾಗಿ ರಬ್ಬರ್ ಸೀಲ್ ಅಂತ ಇರಲ್ಲ. ಮೇಲೆ ಹಳಿಗೆ ನೇತುಹಾಕಿರ್ತಾರೆ, ಕೆಳಗೆ ನೆಲಕ್ಕೆ ತಾಗದ ಹಾಗೆ ಸಂದಿ ಬಿಟ್ಟಿರ್ತಾರೆ, ಹಲಗೆ ಹಲಗೆ ಸೇರೋ ಕಡೆಯೆಲ್ಲ ಇನ್ನಷ್ಟು ಸಂದಿ. ಕನ್ಸರ್ವೇಟರಿಯ ತಣ್ಣನೆ ಗಾಳಿ ಭಾರ, ಅದು ನೆಲದುದ್ದಕ್ಕೂ ಒಳಗೆ ಹರಿದು ಬರತ್ತೆ. ಅದೇ ಹೊತ್ತಿಗೆ ಮನೆಯ ಬೆಚ್ಚನೆ, ತೇವದ ಗಾಳಿ ಮೇಲಿನ ಸಂದಿಯಿಂದ ಆ ಕಡೆ ಹೋಗಿ, ತಣ್ಣನೆ ಗಾಜಿಗೆ ತಾಗಿ ನೀರಾಗಿ ಇಳಿಯತ್ತೆ. ಬೆಳಿಗ್ಗೆ ಎದ್ದು ನೋಡಿದ್ರೆ ಗಾಜೆಲ್ಲ ಒದ್ದೆ, ಮೂಲೆಯಲ್ಲಿ ಬೂಷ್ಟು. ಮರದ ಬಾಗಿಲೂ ಒಂದು ಕಡೆ ಬಿಸಿ, ಒಂದು ಕಡೆ ತೇವ ತಿಂದು ಸೊಟ್ಟಗಾಗತ್ತೆ, ಆಮೇಲೆ ಸರಿಯಾಗಿ ಮುಚ್ಚೋದೇ ಇಲ್ಲ.

ಬೀಗದ ವಿಷಯಾನೂ ಯೋಚಿಸು. ಕನ್ಸರ್ವೇಟರಿಗಳ ಹೊರಬಾಗಿಲು ಎಷ್ಟೋ ಕಡೆ ಗಟ್ಟಿ ಇರಲ್ಲ. ಊರಿಗೆ ಹೋದಾಗ ನಿಮ್ಮ ಮನೆಗೆ ನಿಜವಾದ ಕಾವಲು ಈ ನಡುವಿನ ಬಾಗಿಲೇ. ಮೇಲೆ, ಕೆಳಗೆ, ನಡುವೆ ಮೂರೂ ಕಡೆ ಕಚ್ಚೋ ಮಲ್ಟಿಪಾಯಿಂಟ್ ಲಾಕ್ ಇದ್ರೆ ನೆಮ್ಮದಿ.

ಸರಿ, ಹೊರದರ್ಜೆಯ ಬಾಗಿಲಲ್ಲೂ ಮಡಚೋದೇ ಬೇಕಾ? ನಾನಾದ್ರೆ ಬೇಡ ಅಂತೀನಿ. ಬೈಫೋಲ್ಡ್ ಪೂರ್ತಿ ತೆರೆದಾಗ ಚೆನ್ನಾಗಿ ಕಾಣತ್ತೆ, ನಿಜ. ಆದ್ರೆ ಇಲ್ಲಿನ ಹವೆಯಲ್ಲಿ ಪೂರ್ತಿ ತೆರೆಯೋ ದಿನ ಎಷ್ಟಿರತ್ತೆ ಹೇಳು? ಹಲಗೆ ಜಾಸ್ತಿಯಾದಷ್ಟೂ ಜೋಡಣೆ ಜಾಸ್ತಿ, ಚೌಕಟ್ಟು ಜಾಸ್ತಿ, ಗಾಜು ಕಮ್ಮಿ, ಊಟದ ಕೋಣೆಗೆ ಬೆಳಕೂ ಕಮ್ಮಿ. ನಿಮ್ಮ ಅಗಲಕ್ಕೆ ಮೂರು ಹಲಗೆ ಬರತ್ತೆ, ಒಂದೊಂದು 80 ಸೆಂಟಿಮೀಟರ್. ಮಡಚಿದಾಗ ಅಷ್ಟೂ ಕನ್ಸರ್ವೇಟರಿ ಒಳಗೆ ಚಾಚ್ಕೊಂಡು ನಿಲ್ಲತ್ತೆ, ಅಲ್ಲಿರೋ ಸೋಫಾ ಜರುಗಿಸ್ಬೇಕು. ಅದ್ರ ಬದ್ಲು 90 ಸೆಂಟಿಮೀಟರಿನ ಎರಡು ರೆಕ್ಕೆ ಇರೋ ಫ್ರೆಂಚ್ ಬಾಗಿಲು, ಅಕ್ಕಪಕ್ಕ 30 ಸೆಂಟಿಮೀಟರಿನ ಗಾಜಿನ ಪಟ್ಟಿ, ಸರಿಯಾಗಿ 2.4 ಮೀಟರ್ ಆಯ್ತು ನೋಡು. ದಿನಬಳಕೆಗೆ ಒಂದೇ ರೆಕ್ಕೆ ತೆಗೆದ್ರೆ ಸಾಕು. ರೆಕ್ಕೆಗಳು ಕನ್ಸರ್ವೇಟರಿ ಕಡೆಗೇ ತೆರೀಬೇಕು, ಇಲ್ಲಾಂದ್ರೆ ಊಟದ ಮೇಜಿಗೆ ತಾಗತ್ತೆ. ಬಾಗಿಲಿಗೂ ಪಕ್ಕದ ಪಟ್ಟಿಗಳಿಗೂ ಟಫನ್ಡ್ ಗಾಜೇ, ಅಂದ್ರೆ ಕಾಯಿಸಿ ಗಟ್ಟಿ ಮಾಡಿದ ಗಾಜೇ ಇರಬೇಕು, ಮೂಲೆಯಲ್ಲಿ ಅದರ ಗುರುತು ಅಚ್ಚು ಹಾಕಿರ್ತಾರೆ, ಕೈ ತೋರಿಸಿ ಕೇಳು. ಆದ್ರೂ ನಿಂಗೆ ಬೈಫೋಲ್ಡೇ ಇಷ್ಟ ಅಂದ್ರೆ ಹಾಕಿಸ್ಕೊ, ನಾನು ಬೇಜಾರು ಮಾಡ್ಕೊಳಲ್ಲ. ಹೊರದರ್ಜೆಯದ್ದೇ ಆಗಿರ್ಲಿ, ಅಲ್ಯೂಮಿನಿಯಂ ಆದ್ರೆ ಥರ್ಮಲ್ ಬ್ರೇಕ್ ಇರೋದೇ ಆಗಿರ್ಲಿ. ಚೌಕಟ್ಟಿನ ಒಳಮೈಗೂ ಹೊರಮೈಗೂ ನಡುವೆ ಶಾಖ ದಾಟದ ಹಾಗೆ ಪಟ್ಟಿ ಇಟ್ಟಿರೋದು ಅದು.

ಹೊಸ್ತಿಲು ತಗ್ಗಾಗಿರೋದು ಕೇಳು. ಹಿತ್ತಿಲ ಬಾಗಿಲಿಗೆ ಮಳೆನೀರು ತಡೆಯೋಕೆ ಎತ್ತರದ ಹೊಸ್ತಿಲು ಬೇಕಾಗತ್ತೆ, ನಿಮ್ಮದಕ್ಕೆ ಮೇಲೆ ಚಾವಣಿ ಇದೆ, ಮಳೆ ಬೀಳೋದೇ ಇಲ್ಲ. ಮಾವನಿಗೆ ಮಂಡಿ ನೋವು ಅಂದಿದ್ಯಲ್ಲ, ಎಡವೋ ಹಾಗಿರಬಾರದು. ಸೀಲ್ ಮಾತ್ರ ಸುತ್ತ ಬರಬೇಕು.

ಅಳತೆಗೆ ಬರೋರು ಹೇಗೆ ಅಳೀತಾರೆ ಅಂತ ಪಕ್ಕದಲ್ಲೇ ನಿಂತು ನೋಡು. ಅಗಲ ಮೂರು ಕಡೆ, ಎತ್ತರ ಮೂರು ಕಡೆ, ಆಮೇಲೆ ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೀಬೇಕು. ಹಳೇ ಮನೆ, ಕಮಾನು ಚೌಕಾಗಿರೋದು ಕಷ್ಟ. ಅದಕ್ಕಿಂತ ಮುಖ್ಯ, ಕಮಾನಿನ ಮೇಲೆ ಲಿಂಟಲ್, ಅಂದ್ರೆ ಮೇಲಿನ ಗೋಡೆಯ ಭಾರ ಹೊರೋ ತೊಲೆ, ಏನಿದೆ ಅಂತ ನೋಡಿಸ್ಬೇಕು. ಮೊದಲು ಅಲ್ಲಿದ್ದ ಬಾಗಿಲು ಇಷ್ಟೇ ಅಗಲ ಇದ್ದಿದ್ರೆ ಸರಿ. ಹಿಂದಿನವರು ಗೋಡೆ ಒಡೆದು ಅಗಲ ಮಾಡಿದ್ರೆ, ಮೇಲಿನ ಇಟ್ಟಿಗೆ ಯಾವುದರ ಮೇಲೆ ಕೂತಿದೆ ಅಂತ ಗೊತ್ತಾಗದೆ ಕೆಲಸ ಶುರು ಮಾಡ್ಬೇಡಿ. ಲಿಂಟಲ್ ಬಾಗಿದ್ರೆ ಬಾಗಿಲು ಸಿಕ್ಕಿಹಾಕ್ಕೊಳ್ಳತ್ತೆ, ಅದು ಸಣ್ಣ ತೊಂದರೆ. ಮೇಲಿನ ಗೋಡೆಯೇ ಬಿರುಕು ಬಿಡಬಹುದು, ಅದು ದೊಡ್ಡದು.

ರೇಡಿಯೇಟರ್ ಹಾಗೇ ಬಿಟ್ಟು ಆಫ್ ಮಾಡೋಣ ಅಂದ್ರಂತೆ ನಿಮ್ಮನೆಯವ್ರು. ಬೇಡ. ಬಾಗಿಲು ಹಾಕಿದ್ಮೇಲೆ ಆ ಕೋಣೆ ಈಗಿರೋದಕ್ಕಿಂತ ತಣ್ಣಗಾಗತ್ತೆ, ಪೈಪಲ್ಲಿ ನಿಂತ ನೀರು ಹೆಪ್ಪುಗಟ್ಟಿ ಪೈಪ್ ಒಡೆದ್ರೆ ಮನೆಯೆಲ್ಲಾ ನೀರು. ಪ್ಲಂಬರ್ ಹತ್ರ ನೀರು ಬಸಿಸಿ, ಮನೆ ಒಳಗೇ ಪೈಪಿಗೆ ಮುಚ್ಚಳ ಹಾಕಿಸಿ. ಯಾವಾಗಾದ್ರೂ ಅಲ್ಲಿ ಕೂರಬೇಕು ಅನ್ಸಿದ್ರೆ ಕರೆಂಟಿನ ಹೀಟರ್ ಸಾಕು. ಎರಡು ಕಿಲೋವ್ಯಾಟಿನದು ಗಂಟೆಗೆ ಎರಡು ಯೂನಿಟ್ ತಿನ್ನತ್ತೆ, ಕರೆಂಟು ಗ್ಯಾಸಿಗಿಂತ ಸುಮಾರು ನಾಲ್ಕು ಪಟ್ಟು ದುಬಾರಿ, ಹಾಗಾಗಿ ನೆನಪಿಟ್ಟು ಆಫ್ ಮಾಡು.

ಇನ್ನೊಂದು, ಊಟದ ಕೋಣೆಗೆ ಬೇರೆ ಕಿಟಕಿ ಇಲ್ಲ ಅನ್ಸತ್ತೆ ಫೋಟೋದಲ್ಲಿ. ಹಾಗಿದ್ರೆ ಚೌಕಟ್ಟಿನ ಮೇಲ್ಭಾಗದಲ್ಲಿ ಮುಚ್ಚಿ ತೆರೆಯೋ ಸಣ್ಣ ಗಾಳಿಕಿಂಡಿ ಇರೋದು ಹಾಕಿಸು, ಒಗ್ಗರಣೆ ಹೊಗೆ, ಕುಕ್ಕರ್ ಆವಿ ಎಲ್ಲಾ ಒಳಗೇ ಸುತ್ತತ್ತೆ ಇಲ್ಲಾಂದ್ರೆ. ಬಟ್ಟೆ ಮಾತ್ರ ಕನ್ಸರ್ವೇಟರಿಯಲ್ಲಿ ಒಣಗಿಸ್ಬೇಡ, ಒಣಗಿಸ್ಲೇಬೇಕಾದ್ರೆ ಅಲ್ಲಿನ ಕಿಟಕಿ ಸ್ವಲ್ಪ ತೆಗೆದಿಡು. ಅಕ್ಕಿ ಚೀಲನೂ ಅಲ್ಲಿ ಇಡ್ಬೇಡ, ತೇವ ಹಿಡಿಯತ್ತೆ. ನಿನ್ನ ಕರಿಬೇವಿನ ಕುಂಡ ಕಾಣ್ತು ಮೂಲೆಯಲ್ಲಿ, ಎಷ್ಟು ಚೆನ್ನಾಗಿ ಚಿಗುರಿದೆ! ಬಾಗಿಲು ಬಂದ ದಿನವೇ ಅದನ್ನ ಮನೆ ಒಳಗೆ, ಬಿಸಿಲು ಬೀಳೋ ಕಿಟಕಿ ಹತ್ರ ತಂದಿಡು. ಹಿಮ ಬಿದ್ದ ರಾತ್ರಿ ಒಂದೇ ಸಾಕು ಅದು ಹೋಗೋಕೆ.

ಚಾವಣಿ ಬದಲಾಯಿಸಿ ಗಟ್ಟಿ ಚಾವಣಿ ಹಾಕಿಸೋ ಮಾತು ಈಗ ಬೇಡ ಪುಟ್ಟಿ. ಅದು ಬೇರೆಯದೇ ದೊಡ್ಡ ಕೆಲಸ, ಅಡಿಪಾಯ ಆ ಭಾರ ತಡೆಯತ್ತಾ ಅಂತಲೂ ನೋಡ್ಬೇಕು.

ಅಳತೆ ಕೊಟ್ಟು ಮಾಡಿಸೋ ಬಾಗಿಲು ಬರೋಕೆ ವಾರಗಟ್ಟಲೆ ಆಗತ್ತೆ, ಅತ್ತೆ ಮಾವ ಬರೋ ಹೊತ್ತಿಗೆ ಸಿಗದೇ ಹೋಗಬಹುದು. ಅಲ್ಲಿವರೆಗೆ ಚಿಕ್ಕಮ್ಮ ಹೇಳಿದ್ದನ್ನೇ ಮಾಡು, ಮಳೆಗಾಲಕ್ಕೆ ಜಗಲಿಗೆ ತಟ್ಟಿ ಕಟ್ಟಿದ ಹಾಗೆ ಒಂದು ದಪ್ಪ ಪರದೆ. ಚಿಕ್ಕಮ್ಮ, ನಿಮ್ಮ ಮಾತು ನೂರಕ್ಕೆ ನೂರು ಸರಿ. ಒಳಪದರ ಇರೋ ಪರದೆ ತಗೊ, ಸರಳು ಕಮಾನಿಗಿಂತ ಎರಡೂ ಕಡೆ ಒಂದು ಗೇಣು ಜಾಸ್ತಿ ಇರ್ಲಿ, ಪರದೆ ನೆಲ ಮುಟ್ಟಿ ಸ್ವಲ್ಪ ಮಡಚ್ಕೊಂಡು ಬೀಳ್ಬೇಕು, ಗಾಳಿ ನುಗ್ಗೋದೇ ಕೆಳಗಿಂದ. ಆದ್ರೆ ಮಾವ ನಡೆಯೋ ಜಾಗದಲ್ಲಿ ಆ ಮಡಿಕೆ ಕಾಲಿಗೆ ಸಿಗದ ಹಾಗೆ ಒಂದು ಕಡೆಗೆ ಸರಿಸಿಡು. ರೇಡಿಯೇಟರ್ ವಾಲ್ವನ್ನ ಕಮ್ಮಿಯಲ್ಲಿಡು, ಪೂರ್ತಿ ಮುಚ್ಬೇಡ, ಪೈಪ್ ಕಥೆ ಹೇಳ್ದೆನಲ್ಲ.

ಇವತ್ತು ಸಂಜೆ ಬೆಳಕಿರೋವಾಗ ಕಮಾನಿನ ಮೇಲ್ಭಾಗದ ಫೋಟೋ ಕನ್ಸರ್ವೇಟರಿ ಕಡೆಯಿಂದ ತೆಗೆದು ಕಳಿಸು, ಅಲ್ಲಿ ಇಟ್ಟಿಗೆ ಕಾಣತ್ತೆ. ಅಳತೆಯನ್ನೂ ನಾನು ಹೇಳಿದ ಹಾಗೆ ತಗೊಂಡು ಇಲ್ಲೇ ಹಾಕು. ಬೇರೆ ಕಡೆ ಎರಡು ಮೂರು ಕೊಟೇಶನ್ ತರಿಸು, ಯು-ಮೌಲ್ಯ, ಗಾಜಿನ ಬಗೆ, ಹೊಸ್ತಿಲ ಎತ್ತರ ಇವನ್ನ ಬರವಣಿಗೆಯಲ್ಲೇ ಕೊಡಬೇಕು ಅಂತ ಹೇಳು. ಬಂದ ಮೇಲೆ ಕಳಿಸು, ಭಾನುವಾರ ಕೂತು ನೋಡ್ತೀನಿ. ಮುಂಗಡ ಮಾತ್ರ ಅಲ್ಲಿವರೆಗೆ ಯಾರಿಗೂ ಕೊಡ್ಬೇಡಿ.